ಇಕುಲ್: ಶಾಂತಿಯ ಕತ್ತಿ ಮತ್ತು ರಬ್ಬರಿನ ರಾಜ್ಯ

ಉದ್ದ ಸುಮಾರು ಒಂದು ಅಡಿ. ಅಲಗು ಅಗಲವಾದ ಎಲೆಯ ಆಕಾರದ್ದು. ಹಿಡಿ ಮರದ್ದು, ತುದಿಯಲ್ಲಿ ದುಂಡನೆಯ ಗುಬ್ಬಿ. ಮರದೊಳಗೆ ಹಿತ್ತಾಳೆ ಅಥವಾ ತಾಮ್ರವನ್ನು ಕೂರಿಸಿ ಬಿಡಿಸಿದ ಸೂಕ್ಷ್ಮ ಚಿತ್ತಾರ. ಅಲಗು ಕೆಲವದರಲ್ಲಿ ಕಬ್ಬಿಣದ್ದು, ಕೆಲವದರಲ್ಲಿ ತಾಮ್ರದ್ದು. ಇನ್ನು ಕೆಲವದರಲ್ಲಿ ಅಲಗೂ ಮರದ್ದೇ. ಅಂಥ ಕತ್ತಿಯಿಂದ ಒಂದು ಹಣ್ಣನ್ನು ಹೆಚ್ಚುವುದೂ ಕಷ್ಟ. ಕಾಂಗೋ ದೇಶದ ಕೂಬಾ ಜನ ಇದನ್ನು ಇಕುಲ್ ಎಂದು ಕರೆಯುತ್ತಾರೆ. ಯೂರೋಪು, ಅಮೆರಿಕಗಳ ವಸ್ತುಸಂಗ್ರಹಾಲಯಗಳಲ್ಲಿ ಆಫ್ರಿಕಾದ ಆಯುಧಗಳನ್ನು ಜೋಡಿಸಿಟ್ಟ ಗಾಜಿನ ಪೆಟ್ಟಿಗೆಗಳೊಳಗೆ ಈಟಿ, ಕೊಡಲಿಗಳ ನಡುವೆ ಇದೂ ಕಾಣಸಿಗುತ್ತದೆ. ಆದರೆ ಇದರ ಮಹತ್ವ ಇದ್ದದ್ದು ಕಡಿಯುವುದರಲ್ಲಿ ಅಲ್ಲ, ಕಡಿಯದೆ ಇರುವುದರಲ್ಲಿ.

ಕತ್ತಿಯನ್ನು ಅಧಿಕಾರದ ಗುರುತಾಗಿ ಧರಿಸುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಕಾಂಗೋ ನದಿಯನ್ನು ದಕ್ಷಿಣದಿಂದ ಬಂದು ಸೇರುವ ಕಾಸಾಯ್ ಮಹಾನದಿ, ಅದಕ್ಕೆ ಕೂಡುವ ಕ್ವಾಂಗೋ, ಕ್ವಿಲು ಮೊದಲಾದ ಉಪನದಿಗಳು, ಇವುಗಳ ನಡುವೆ ಹರಡಿಕೊಂಡ ಹುಲ್ಲುಗಾವಲು ಮತ್ತು ಕಾಡು. ಪಶ್ಚಿಮದಲ್ಲಿ ಕ್ವಾಂಗೋ ತೀರದ ಯಾಕಾ ಜನ, ನಡುವೆ ಪೆಂಡೆ ಜನ, ಪೂರ್ವದಲ್ಲಿ ಕಾಸಾಯ್ ದಾಟಿದರೆ ಕೂಬಾ. ಭಾಷೆ ಬೇರೆ, ಮುಖವಾಡಗಳ ಶೈಲಿ ಬೇರೆ, ಆಳುವ ಕ್ರಮ ಬೇರೆ. ಆದರೂ ಗಿಡ್ಡ ಕತ್ತಿಯೊಂದು ಗಂಡಸಿನ ಸೊಂಟದಲ್ಲಿ ಅಥವಾ ಮುಖ್ಯಸ್ಥನ ಕೈಯಲ್ಲಿ ಮಾನದ ಕುರುಹಾಗಿ ನಿಲ್ಲುವುದು ಇವರೆಲ್ಲರಿಗೂ ಸಮಾನ. ಕಬ್ಬಿಣ ಕರಗಿಸುವುದು ಇಲ್ಲಿ ಬರಿಯ ಕಸುಬಲ್ಲ, ಅದಕ್ಕೆ ರಾಜಯೋಗ್ಯವಾದ ಘನತೆಯಿತ್ತು. ಕೂಬಾ ದೊರೆಗಳಲ್ಲೊಬ್ಬನಾದ ಮ್ಬೋಪ್ ಪೆಲ್ಯೇಂಗ್ ಕಮ್ಮಾರಿಕೆಯಲ್ಲಿ ನಿಪುಣನೆಂದು ಹೆಸರಾದವನು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಅವನ ಮರದ ಪ್ರತಿಮೆಯ ಮುಂದೆ ಒಂದು ಅಡಿಗಲ್ಲಿದೆ. ದೊರೆಯನ್ನು ಗುರುತಿಸಲು ಅಡಿಗಲ್ಲನ್ನು ಆರಿಸಿಕೊಂಡ ಸಮಾಜ ತನ್ನ ಕತ್ತಿಗಳಿಗೆ ಹೊರಿಸಿದ ಅರ್ಥವನ್ನು ನಾವು ಹಗುರವಾಗಿ ಕಾಣಬಾರದು.

ಕೂಬಾ ಎಂಬುದು ನೆರೆಯ ಲೂಬಾ ಜನ ಇಟ್ಟ ಹೆಸರು. ಹದಿನೇಳು ಹದಿನೆಂಟು ಬುಡಕಟ್ಟುಗಳು ಸೇರಿದ ಈ ರಾಜ್ಯವನ್ನು ಆಳುತ್ತಿದ್ದ ಕುಲ ಬುಶೋಂಗ್. ಆ ಹೆಸರಿನಲ್ಲಿಯೇ ಒಂದು ಆಯುಧ ಅಡಗಿದೆ. ಶೋಂಗೋ ಎಂದರೆ ಎಸೆಯುವ ಕತ್ತಿ. ಬುಶೋಂಗ್ ಎಂದರೆ ಎಸೆಗತ್ತಿಯ ಜನ ಎಂದು ಅರ್ಥ ಹೇಳುತ್ತಾರೆ. ಎಸೆಗತ್ತಿ ಎಂದರೆ ಒಂದೇ ಅಲಗಿನ ಚೂರಿಯಲ್ಲ. ಒಂದು ಕಾಂಡದಿಂದ ಹಲವು ಅಲಗುಗಳು ಕವಲೊಡೆದ ಕಬ್ಬಿಣದ ಆಯುಧ ಅದು. ಬೀಸಿ ಎಸೆದರೆ ಗಾಳಿಯಲ್ಲಿ ಸುತ್ತುತ್ತ ಹೋಗುತ್ತದೆ. ಯಾವ ಮಗ್ಗುಲಿನಿಂದ ತಾಗಿದರೂ ಗಾಯ ತಪ್ಪದು. ಹೆಸರಿನಲ್ಲೇ ಇಂಥ ಆಯುಧವನ್ನು ಹೊತ್ತ ಜನ ಅದನ್ನು ಕೆಳಗಿಟ್ಟದ್ದು ಹೇಗೆ ಎಂಬುದು ಕೂಬಾ ಪರಂಪರೆಯ ಬಲು ಹೆಮ್ಮೆಯ ಕಥೆ.

ಆ ಕಥೆಯ ನಾಯಕ ಶ್ಯಾಮ್ ಆಂಬುಲ್ ಆಂಗೂಂಗ್. ನಮ್ಮ ಶ್ಯಾಮನಿಗೂ ಈ ಹೆಸರಿಗೂ ನಂಟಿಲ್ಲ. ಕಿವಿಗೆ ಪರಿಚಿತವಾಗಿ ಕೇಳುವುದು ಕೇವಲ ಕಾಕತಾಳೀಯ. ಇವನು ಹುಟ್ಟಿನಿಂದ ಪಟ್ಟಕ್ಕೆ ಹಕ್ಕುದಾರನಲ್ಲ. ದಾಸಿಯ ಮಗನೆಂದೂ ಹೊರಗಿನವನೆಂದೂ ಪರಂಪರೆ ಹೇಳುತ್ತದೆ. ತಾರುಣ್ಯದಲ್ಲಿ ಪಶ್ಚಿಮಕ್ಕೆ, ಪೆಂಡೆ ಮತ್ತು ಕೊಂಗೊ ಜನರ ನಾಡುಗಳಿಗೆ ಪ್ರಯಾಣ ಮಾಡಿದ. ಆ ದಿಕ್ಕಿನ ಕರಾವಳಿಯಲ್ಲಿ ಪೋರ್ಚುಗೀಸರ ಹಡಗುಗಳು ಅಮೆರಿಕ ಖಂಡದ ಮೆಕ್ಕೆಜೋಳ, ಮರಗೆಣಸು, ಹೊಗೆಸೊಪ್ಪುಗಳನ್ನು ಇಳಿಸಿಹೋಗಿದ್ದವು. ಹಿಂದಿರುಗುವಾಗ ಈ ಬೆಳೆಗಳನ್ನೂ, ರಾಫಿಯಾ ತಾಳೆಯ ನಾರಿನಿಂದ ಬಟ್ಟೆ ನೇದು ಅದರ ಮೇಲೆ ಮಖಮಲ್ಲಿನಂಥ ಕಸೂತಿ ಹಾಕುವ ಕಲೆಯನ್ನೂ ಅವನು ತಂದನೆಂದು ಕೂಬಾ ಜನ ನೆನೆಯುತ್ತಾರೆ. ಕಸೂತಿ ಪೆಂಡೆಯವರಿಂದ ಕಲಿತದ್ದೆಂದು ಒಪ್ಪಿಕೊಳ್ಳುವುದಕ್ಕೆ ಅವರಿಗೆ ಸಂಕೋಚವಿಲ್ಲ. ಸುಮಾರು 1625ರಲ್ಲಿ ಪಟ್ಟವೇರಿದ ಮೇಲೆ ಅವನು ಮಾಡಿದ ಕಾರ್ಯಗಳ ಪಟ್ಟಿಯಲ್ಲಿ ಎರಡು ನಮ್ಮ ಗಮನಕ್ಕೆ ಅರ್ಹ. ಒಂದು, ಜೂಜಿನ ಬದಲಿಗೆ ಕುಳಿಮಣೆಯ ಆಟವನ್ನು ಬಳಕೆಗೆ ತಂದದ್ದು. ನಮ್ಮ ಚೆನ್ನೆಮಣೆಯ ಒಕ್ಕಲಿಗೇ ಸೇರಿದ ಆಟ ಅದು, ಅವನ ಪ್ರತಿಮೆಯ ಮುಂದೆ ಕೆತ್ತಿರುವುದೂ ಆ ಮಣೆಯನ್ನೇ. ಇನ್ನೊಂದು, ಶೋಂಗೋ ಎಸೆಗತ್ತಿಯನ್ನು ನಿಷೇಧಿಸಿ ಅದರ ಜಾಗದಲ್ಲಿ ಇಕುಲ್ ಧರಿಸುವಂತೆ ವಿಧಿಸಿದ್ದು.

ಕತ್ತಿಯನ್ನು ತೆಗೆದುಹಾಕಿ ಎಂದು ಅವನು ಹೇಳಲಿಲ್ಲ. ಬೇರೊಂದು ಕತ್ತಿ ಕಟ್ಟಿಕೊಳ್ಳಿ ಎಂದ. ಗಂಡಸಿನ ಸೊಂಟ ಬರಿದಾಗಲಿಲ್ಲ, ಅವನ ಮಾನ ಕುಂದಲಿಲ್ಲ. ಆದರೆ ದೂರದಿಂದ ಎಸೆದು ಕೊಲ್ಲುವ ಆಯುಧ ಹೋಗಿ, ಹತ್ತಿರ ಬಂದವರಿಗಷ್ಟೇ ಕಾಣುವ, ಕುಸುರಿಯ ಅಂದಕ್ಕಾಗಿ ಮೆಚ್ಚುವ ವಸ್ತು ಬಂದಿತು. ಮರದ ಅಲಗಿನ ಇಕುಲ್ ಈ ತರ್ಕದ ಕೊನೆಯ ಮೆಟ್ಟಿಲು: ಕತ್ತಿಯ ರೂಪ ಉಳಿದಿದೆ, ಕತ್ತಿಯ ಕೆಲಸ ಅಳಿದಿದೆ.

ಇದು ನಡೆದದ್ದೆಂದು ನಮಗೆ ತಿಳಿದದ್ದು ಹೇಗೆ? ಕೂಬಾ ಜನರಿಗೆ ಲಿಪಿಯಿರಲಿಲ್ಲ. ಇತಿಹಾಸವನ್ನು ನೆನಪಿನಲ್ಲಿಟ್ಟು ಹೇಳುವುದು ಆಸ್ಥಾನದ ಪಟ್ಟಧಾರಿಗಳ ಹೊಣೆ. 1908ರಲ್ಲಿ ಅವರ ಬಾಯಿಂದ ರಾಜರ ಪಟ್ಟಿಯನ್ನೂ ಶ್ಯಾಮನ ಕಥೆಯನ್ನೂ ಬರೆದುಕೊಂಡವನು ಹಂಗೇರಿಯ ಎಮಿಲ್ ಟೊರ್ಡೇ. ಅರ್ಧ ಶತಮಾನದ ನಂತರ, 1950ರ ದಶಕದಲ್ಲಿ, ಬೆಲ್ಜಿಯಂನ ಇತಿಹಾಸಕಾರ ಯಾನ್ ವಾನ್ಸಿನಾ ಅಲ್ಲೇ ನೆಲೆಸಿ, ಬೇರೆ ಬೇರೆ ಕುಲಗಳ ಹೇಳಿಕೆಗಳನ್ನು ಒಂದಕ್ಕೊಂದು ತಾಳೆ ಹಾಕಿದರು. ಒಬ್ಬ ದೊರೆಯ ಆಳ್ವಿಕೆಯಲ್ಲಿ ಹಗಲು ಕತ್ತಲಾಯಿತೆಂಬ ನೆನಪನ್ನು 1680ರ ಸೂರ್ಯಗ್ರಹಣಕ್ಕೆ ಹೊಂದಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ಶ್ಯಾಮನ ಕಾಲವನ್ನು ಅಂದಾಜಿಸಿದರು. ಬಾಯಿಮಾತಿನ ಪರಂಪರೆಯನ್ನೂ ಶಾಸನದಷ್ಟೇ ಎಚ್ಚರಿಕೆಯಿಂದ ಓದಬಹುದು ಎಂಬ ಮಾತಿಗೆ ಇಪ್ಪತ್ತನೆಯ ಶತಮಾನದಲ್ಲಿ ಬಲ ತಂದವರಲ್ಲಿ ವಾನ್ಸಿನಾ ಪ್ರಮುಖರು.

ಆ ಎಚ್ಚರಿಕೆ ನಮಗೂ ಬೇಕು. ಎನ್‌ದೋಪ್ ಎಂದು ಕರೆಯುವ ರಾಜಪ್ರತಿಮೆಗಳಲ್ಲಿ ದೊರೆ ಕಾಲು ಮಡಿಸಿ ಕುಳಿತಿರುತ್ತಾನೆ. ಮುಖದಲ್ಲಿ ಯಾವ ಉದ್ವೇಗವೂ ಇಲ್ಲ, ಎಡಗೈಯಲ್ಲಿ ಇಕುಲ್. ಶ್ಯಾಮನ ಪ್ರತಿಮೆಯೂ ಹಾಗೆಯೇ ಇದೆ. ಆದರೆ ಆ ಪ್ರತಿಮೆಯನ್ನು ಕೆತ್ತಿದ್ದು ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಅವನು ತೀರಿಕೊಂಡು ನೂರು ವರ್ಷಗಳೇ ಕಳೆದ ಮೇಲೆ, ಎಂಬುದು ವಿದ್ವಾಂಸರ ಅಂದಾಜು. ಆದ್ದರಿಂದ ಅದು ಅವನ ಭಾವಚಿತ್ರವಲ್ಲ, ಅವನ ವಂಶದವರು ಅವನನ್ನು ಹೇಗೆ ನೆನೆಯಬಯಸಿದರು ಎಂಬುದರ ಚಿತ್ರ. ಒಬ್ಬ ರಾಜನೇ ಒಂದು ದಿನ ಆಜ್ಞೆ ಹೊರಡಿಸಿ ಆಯುಧ ಬದಲಿಸಿದನೋ, ಅಥವಾ ತಲೆಮಾರುಗಳ ಕಾಲ ನಿಧಾನವಾಗಿ ಆದ ಬದಲಾವಣೆಗೆ ಜನ ಅವನ ಹೆಸರನ್ನು ಅಂಟಿಸಿದರೋ, ಎರಡೂ ಸಾಧ್ಯ. ಸಂದೇಹವಿಲ್ಲದ್ದು ಇಷ್ಟು: ತಮ್ಮ ಅತ್ಯಂತ ದೊಡ್ಡ ರಾಜನನ್ನು ನೆನೆಯುವಾಗ ಕೂಬಾ ಜನ ಅವನ ಕೈಗೆ ಕೊಟ್ಟದ್ದು ಎಸೆಗತ್ತಿಯನ್ನಲ್ಲ.

ಆಯುಧವನ್ನು ಬಿಟ್ಟವನಿಗೆ ಪ್ರತಿಯಾಗಿ ಏನು ದೊರೆಯಿತು? ಜನರ ಕೈಯಿಂದ ಕತ್ತಿ ತೆಗೆದುಕೊಳ್ಳುವ ರಾಜ್ಯ ಅವರ ಜಗಳಗಳನ್ನು ತೀರಿಸುವ ಹೊಣೆಯನ್ನೂ ಹೊರಲೇಬೇಕು. ಕೂಬಾ ರಾಜ್ಯ ಅದನ್ನು ಹೊತ್ತಿತ್ತು. ನ್ಯಿಮ್ ಎನಿಸಿಕೊಳ್ಳುವ ರಾಜನ ಸುತ್ತ ಹಲವು ಸಭೆಗಳಿದ್ದವು. ರಾಜಧಾನಿ ಎನ್‌ಶೆಂಗ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಪಟ್ಟಗಳು. ಒಂದೊಂದು ಪಟ್ಟಕ್ಕೂ ಟೋಪಿಯಲ್ಲಿ ಸಿಕ್ಕಿಸುವ ಗರಿಯಂಥ ಗುರುತು. ವ್ಯಾಜ್ಯ ಬಂದಾಗ ಅದರ ಸ್ವರೂಪಕ್ಕೆ ತಕ್ಕ ಪಟ್ಟಧಾರಿಗಳನ್ನು ಆರಿಸಿ ನ್ಯಾಯಪೀಠ ಕೂರಿಸುತ್ತಿದ್ದರು. ಕಾಸಾಯ್ ನದಿಯ ಆಚೆ ದಡದ ಲೆಲೆ ಜನರೊಂದಿಗೆ ಇವರನ್ನು ಹೋಲಿಸಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1962ರಲ್ಲಿ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಎರಡೂ ಜನ ಭಾಷೆಯಲ್ಲಿ, ಮೂಲದಲ್ಲಿ ಹತ್ತಿರದವರು. ಲೆಲೆಯವರಲ್ಲಿ ಹಳ್ಳಿ ಹಳ್ಳಿಗಳ ನಡುವೆ ಹಗೆ, ಹೆಂಗಸರ ಅಪಹರಣ, ಅದಕ್ಕೆ ಪ್ರತೀಕಾರ. ಹೊಲದಲ್ಲಿ ವರ್ಷಕ್ಕೆ ಒಂದು ಬೆಳೆ. ಬುಶೋಂಗ್ ರೈತ ಮೆಕ್ಕೆಜೋಳದ ಎರಡು ಬೆಳೆ, ಕೆಲವೊಮ್ಮೆ ಮೂರು ಬೆಳೆ ತೆಗೆಯುತ್ತಿದ್ದ. ನಾಳೆಯ ಫಸಲು ತನ್ನದೇ ಎಂಬ ಭರವಸೆ ಇದ್ದವನು ಹೆಚ್ಚು ದುಡಿಯುತ್ತಾನೆ. ಇಕುಲ್‌ನ ಹಿಂದೆ ನಿಂತಿದ್ದದ್ದು ಆ ಭರವಸೆ.

ಹಾಗೆಂದು ಕೂಬಾ ರಾಜ್ಯವನ್ನು ಅಹಿಂಸೆಯ ತಪೋವನವೆಂದು ಭಾವಿಸಿದರೆ ತಪ್ಪಾದೀತು. ಅಲ್ಲಿ ದಾಸರಿದ್ದರು, ರಾಜ ಸತ್ತಾಗ ಅವರಲ್ಲಿ ಕೆಲವರನ್ನು ಬಲಿ ಕೊಡುತ್ತಿದ್ದರು. ಅಧೀನ ಬುಡಕಟ್ಟುಗಳು ಕಪ್ಪ ಒಪ್ಪಿಸಬೇಕಿತ್ತು. ನೆರೆಯವರೊಂದಿಗೆ ಯುದ್ಧಗಳೂ ನಡೆದವು. ಹದಿನೆಂಟನೆಯ ಶತಮಾನದ ಇನ್ನೊಬ್ಬ ದೊರೆಯ ಪ್ರತಿಮೆ ಇಂದು ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂನಲ್ಲಿದೆ. ಅದರ ಮುಂದಿರುವ ಲಾಂಛನ ಒಂದು ಡೋಲು. ಡೋಲಿನ ಮೇಲೆ ಕಡಿದ ಕೈಯ ಆಕೃತಿ. ಅಂದರೆ ಶಾಂತಿಯ ಕತ್ತಿಯನ್ನು ಹಿಡಿದ ರಾಜ್ಯ ಕಡಿಯುವುದನ್ನು ಮರೆತಿರಲಿಲ್ಲ. ಕಡಿಯುವ ಹಕ್ಕನ್ನು ಎಲ್ಲರ ಕೈಯಿಂದ ತೆಗೆದು ಒಂದೆಡೆ ಕಟ್ಟಿಹಾಕಿತ್ತು. ಅದಕ್ಕೆ ಸಭೆಗಳ, ಪಟ್ಟಗಳ, ರೂಢಿಗಳ ಕಡಿವಾಣ ಹಾಕಿತ್ತು. ಲೋಕದ ಹಲವೆಡೆ ರಾಜ್ಯಗಳು ಮಾಡಿಕೊಂಡ ಒಡಂಬಡಿಕೆಯೂ ಇದೇ. ಕೂಬಾ ಜನ ಅದನ್ನು ಸೊಂಟದಲ್ಲಿ ಕಾಣುವಂತೆ ಕಟ್ಟಿಕೊಂಡರು ಎಂಬುದಷ್ಟೇ ವಿಶೇಷ.

ಈ ಒಡಂಬಡಿಕೆ ಹೊರಲೋಕದ ಕಣ್ಣಿಗೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ದಂತದ ವ್ಯಾಪಾರ ಬೆಳೆದಿದ್ದರೂ ರಾಜಧಾನಿಗೆ ಪರಕೀಯರ ಪ್ರವೇಶ ನಿಷಿದ್ಧವಾಗಿತ್ತು. ದಾರಿ ತೋರಿದವನಿಗೆ ಮರಣದಂಡನೆ. 1892ರಲ್ಲಿ ಆ ಗೆರೆಯನ್ನು ದಾಟಿದವನು ವಿಲಿಯಂ ಶೆಪರ್ಡ್, ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಕರಿಯ ಪಾದ್ರಿ. ಅವನ ಉಪಾಯ ಸರಳವಾಗಿತ್ತು. ಒಂದು ಹಳ್ಳಿಯಲ್ಲಿ ಸಿಕ್ಕ ಕೋಳಿಮೊಟ್ಟೆಗಳನ್ನೆಲ್ಲ ಕೊಂಡು ಮುಗಿಸುವುದು. ಇನ್ನಷ್ಟು ಮೊಟ್ಟೆ ಬೇಕೆಂದು ಮುಂದಿನ ಸಂತೆಯ ದಾರಿ ಕೇಳಿ ತನ್ನವರನ್ನು ಕಳಿಸುವುದು. ಅವರ ಜಾಡು ಹಿಡಿದು ತಾನೂ ಹೋಗುವುದು. ಕೊನೆಗೆ ಸಿಕ್ಕಿಬಿದ್ದಾಗ ಕೂಬಾ ಜನ ಅವನನ್ನು ಕೊಲ್ಲಲಿಲ್ಲ. ತಮ್ಮ ಭಾಷೆ ಬಲ್ಲ ಈ ಕರಿಯ ಪರದೇಶಿ ತಮ್ಮದೇ ಹಿಂದಿನ ದೊರೆಯೊಬ್ಬನ ಮರುಹುಟ್ಟು ಎಂದು ತೀರ್ಮಾನಿಸಿ, ಎನ್‌ಶೆಂಗ್‌ಗೆ ಕರೆದೊಯ್ದು ತಿಂಗಳುಗಟ್ಟಲೆ ಉಪಚರಿಸಿದರು. ನಗರದ ಅಗಲ ಬೀದಿಗಳು, ಹೆಣೆದ ಚಾಪೆಯ ಗೋಡೆಗಳು, ನ್ಯಾಯ ವಿಚಾರಣೆಯ ಕ್ರಮ ಎಲ್ಲವನ್ನೂ ಅವನು ಬೆರಗಿನಿಂದ ಬರೆದಿಟ್ಟ. ದೊರೆ ಕೋತ್ ಆಂಬ್ವೀಕಿ ಅವನಿಗೆ ಕೊಟ್ಟ ಕಾಣಿಕೆಗಳಲ್ಲಿ ವಂಶದಿಂದ ಬಂದ ಒಂದು ಕತ್ತಿಯೂ ಇತ್ತು. ಶೆಪರ್ಡ್ ಸಂಗ್ರಹಿಸಿದ ಕೂಬಾ ವಸ್ತುಗಳು ಇಂದು ಅವನು ಓದಿದ ಹ್ಯಾಂಪ್ಟನ್ ವಿದ್ಯಾಸಂಸ್ಥೆಯ ಮ್ಯೂಸಿಯಂನಲ್ಲಿವೆ. ಕೊಟ್ಟವನು ಮನಸಾರೆ ಕೊಟ್ಟ ಕತ್ತಿ ಅದು. ಆಫ್ರಿಕಾದಿಂದ ಹೊರಹೋದ ವಸ್ತುಗಳಲ್ಲಿ ಅಂಥವು ವಿರಳ.

ಶೆಪರ್ಡನ ಹಿಂದೆಯೇ ಬಂದದ್ದು ಬೇರೆಯೇ ಬಗೆಯ ರಾಜ್ಯ. ಬೆಲ್ಜಿಯಂನ ದೊರೆ ಎರಡನೆಯ ಲಿಯೋಪೋಲ್ಡ್ 1885ರಿಂದ ಕಾಂಗೋವನ್ನು ತನ್ನ ಸ್ವಂತ ಆಸ್ತಿಯಂತೆ ಆಳುತ್ತಿದ್ದ. ಗಾಳಿ ತುಂಬಿದ ಟೈರುಗಳ ಕಾಲ ಬಂದು ರಬ್ಬರಿಗೆ ಬೇಡಿಕೆ ಏರಿತು. ಕಾಸಾಯ್ ಕಾಡುಗಳಲ್ಲಿ ಕಾಡುಬಳ್ಳಿಯ ರಬ್ಬರು ಹೇರಳ. 1899ರಲ್ಲಿ ಲಿಯೋಪೋಲ್ಡನ ಸರ್ಕಾರದ ಪರವಾಗಿ ಬಂದೂಕು ಹಿಡಿದಿದ್ದ ಝಾಪೋಝಾಪ್ ಎಂಬ ಪಡೆ ಕೂಬಾ ನಾಡಿನ ಅಂಚಿನ ಪ್ಯಾಂಗ್ ಪ್ರದೇಶದಲ್ಲಿ ಕೊಳ್ಳೆ ಹೊಡೆಯಿತು. ವಿಚಾರಿಸಲು ಹೋದ ಶೆಪರ್ಡ್ ಅವರ ಪಾಳೆಯದಲ್ಲಿ ಹೊಗೆಯಲ್ಲಿ ಒಣಗಿಸುತ್ತಿದ್ದ ಕಡಿದ ಬಲಗೈಗಳನ್ನು ಕಂಡ, ಎಣಿಸಿದ, 81. ಅಧಿಕಾರಿಗಳಿಗೆ ಲೆಕ್ಕ ಒಪ್ಪಿಸುವುದಕ್ಕಾಗಿ ಇಟ್ಟಿದ್ದ ಕೈಗಳು ಅವು. ಮರುವರ್ಷ ಲಿಯೋಪೋಲ್ಡನ ಸೈನ್ಯ ಎನ್‌ಶೆಂಗನ್ನೇ ಹಿಡಿದು ಲೂಟಿ ಮಾಡಿತು. 1901ರಲ್ಲಿ ಕಾಸಾಯ್ ಕಂಪನಿ ಸ್ಥಾಪನೆಯಾಗಿ ಇಡೀ ಪ್ರಾಂತದ ರಬ್ಬರು ಅದರ ಕೈಗೆ ಹೋಯಿತು. 1904ರಲ್ಲಿ ಕೂಬಾ ಜನ ದಂಗೆಯೆದ್ದರು. ಗುಂಡನ್ನು ನೀರಾಗಿಸುವುದೆಂದು ನಂಬಿದ ಒಂದು ತಾಯಿತವನ್ನು ಧರಿಸಿ ಹೋರಾಡಿದರು, ಗುಂಡು ನೀರಾಗಲಿಲ್ಲ. ದಂಗೆ ಅಡಗಿದ ಮೇಲೆ ರಬ್ಬರಿನ ವಸೂಲಿ ಮುಂದುವರಿಯಿತು.

ಎರಡು ನಿರಾಯುಧೀಕರಣಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು. ಹದಿನೇಳನೆಯ ಶತಮಾನದ ದೊರೆ ಎಸೆಗತ್ತಿ ಕೇಳಿದ. ಪ್ರತಿಯಾಗಿ ಇಕುಲ್ ಕೊಟ್ಟ, ನ್ಯಾಯಪೀಠ ಕೊಟ್ಟ, ಗದ್ದೆಯ ಫಸಲಿಗೆ ಕಾವಲು ಕೊಟ್ಟ. ಅವನ ಉತ್ತರಾಧಿಕಾರಿಗಳು ಎಷ್ಟೇ ಕಠೋರರಾಗಿದ್ದರೂ ಆ ಕೊಡುಕೊಳುವ ನಂಟನ್ನು ಪೂರ್ತಿ ಕಡಿದುಕೊಳ್ಳಲಾಗಲಿಲ್ಲ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಬಂದ ರಾಜ್ಯ ಜನರ ಬಲವನ್ನು ಕಸಿದುಕೊಂಡಿತು. ಪ್ರತಿಯಾಗಿ ಕೊಟ್ಟದ್ದು ರಬ್ಬರಿನ ಕೋಟಾ. ಕತ್ತಿಯನ್ನು ಕೆಳಗಿಟ್ಟವನ ಮುಂದೆ ತನ್ನ ಬಂದೂಕನ್ನು ಅದು ಕೆಳಗಿಡಲಿಲ್ಲ. ಕೂಬಾ ಡೋಲಿನ ಮೇಲೆ ಲಾಂಛನವಾಗಿದ್ದ ಕಡಿದ ಕೈ ಇಲ್ಲಿ ಲೆಕ್ಕಪತ್ರದ ಘಟಕವಾಯಿತು. ಸುಧಾರಣೆ, ನಾಗರಿಕತೆ ಎಂಬ ಮಾತುಗಳು ಯಾವ ಕಡೆಯಿಂದ ಯಾವ ಕಡೆಗೆ ಬಂದವು ಎಂದು ಆ ಕಾಲದ ಪುಸ್ತಕಗಳನ್ನು ಓದುವಾಗ ಕೇಳಿಕೊಳ್ಳಬೇಕಾಗುತ್ತದೆ.

ಕೇಳಿದವರು ಇಲ್ಲದಿರಲಿಲ್ಲ. 1908ರ ಜನವರಿಯಲ್ಲಿ ಶೆಪರ್ಡ್ ತನ್ನ ಮಿಶನ್ನಿನ ಪತ್ರಿಕೆಯಲ್ಲಿ ಕೂಬಾ ಜನರ ಹಿಂದಿನ ಸಮೃದ್ಧಿಯನ್ನೂ ರಬ್ಬರಿನಿಂದಾದ ದುರ್ದಶೆಯನ್ನೂ ಒಟ್ಟಿಗೆ ಇಟ್ಟು ಒಂದು ಸಣ್ಣ ಲೇಖನ ಬರೆದ. ಹೊಲಗಳು ಹಾಳುಬಿದ್ದವು, ಮನೆಗಳು ಕುಸಿದವು, ಗಂಡಸರು ಕಾಡಿನಲ್ಲಿ ರಬ್ಬರು ಹುಡುಕುತ್ತ ಅಲೆಯುತ್ತಿದ್ದಾರೆ ಎಂಬುದು ಅದರ ಸಾರ. ಕಾಸಾಯ್ ಕಂಪನಿ ಮಾನನಷ್ಟದ ಮೊಕದ್ದಮೆ ಹೂಡಿತು. 1909ರಲ್ಲಿ ಲಿಯೋಪೋಲ್ಡ್‌ವಿಲ್‌ನಲ್ಲಿ ವಿಚಾರಣೆ ನಡೆದಾಗ ಶೆಪರ್ಡನ ಪರ ವಾದಿಸಲು ಬೆಲ್ಜಿಯಂನ ಸಮಾಜವಾದಿ ನಾಯಕ ಎಮಿಲ್ ವಾಂಡರ್ವೆಲ್ಡೆ ಶುಲ್ಕವಿಲ್ಲದೆ ಬಂದ. ಶೆಪರ್ಡ್ ನಿರ್ದೋಷಿಯೆಂದು ತೀರ್ಪಾಯಿತು. ಕೂಬಾ ನ್ಯಾಯಪೀಠದ ಶಿಸ್ತನ್ನು ಮೆಚ್ಚಿ ಬರೆದವನಿಗೆ, ಬೆಲ್ಜಿಯನ್ನರ ನ್ಯಾಯಾಲಯವೊಂದು ಆ ದಿನ ನ್ಯಾಯ ಕೊಟ್ಟಿತು.

ಇಕುಲ್ ಲಂಡನ್ನಿಗೆ ಹೋದದ್ದೂ ಇದೇ ವರ್ಷಗಳಲ್ಲಿ. 1907ರಿಂದ 1909ರವರೆಗೆ ಬ್ರಿಟಿಷ್ ಮ್ಯೂಸಿಯಂಗಾಗಿ ಕಾಸಾಯ್ ಸೀಮೆಯಲ್ಲಿ ಸಂಚರಿಸಿದ ಟೊರ್ಡೇ ಎನ್‌ಶೆಂಗ್‌ನಲ್ಲಿ ದೊರೆ ಕೋತ್ ಆಪೆಯ ಸ್ನೇಹ ಗಳಿಸಿ, ಪ್ರತಿಮೆ, ಬಟ್ಟೆ, ಬಟ್ಟಲು, ಕತ್ತಿಗಳನ್ನು ಸಂಗ್ರಹಿಸಿದ. ಅದಕ್ಕೂ ಮುಂಚೆ ಪಶ್ಚಿಮದ ಕ್ವಿಲು ಸೀಮೆಯಲ್ಲಿದ್ದು ಯಾಕಾ ಮೊದಲಾದ ಜನರ ಬಗೆಗೂ ಬರೆದಿದ್ದ. ಕೆಲಕಾಲ ಕಾಸಾಯ್ ಕಂಪನಿಯ ನೌಕರನೂ ಆಗಿದ್ದವನು ಅವನು. ಶ್ಯಾಮನನ್ನು ಆಫ್ರಿಕಾದ ಮಹಾಪುರುಷನೆಂದು ಯೂರೋಪಿಗೆ ಪರಿಚಯಿಸಿದವನೂ ಅವನೇ. ಅವನ ಪುಸ್ತಕಗಳ ಮೂಲಕವೇ ಆಫ್ರಿಕಾಕ್ಕೆ ಇತಿಹಾಸವಿಲ್ಲ ಎನ್ನುತ್ತಿದ್ದವರ ಬಾಯಿ ಮುಚ್ಚಿಸಲು ಒಂದು ಉದಾಹರಣೆ ಸಿಕ್ಕಿತು. ರಬ್ಬರನ್ನು ಸಾಗಿಸಿದ ನದಿಯೇ ಕೂಬಾ ವಸ್ತುಗಳನ್ನೂ ಸಾಗಿಸಿತು. ಟೊರ್ಡೇಯ ಮೆಚ್ಚುಗೆ ನಿಜವಾದದ್ದು. ಆ ಮೆಚ್ಚುಗೆಗೆ ದಾರಿ ಮಾಡಿಕೊಟ್ಟ ಬಲವೂ ನಿಜವಾದದ್ದು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಇತಿಹಾಸ ಕುಂಟುತ್ತದೆ.

ಕೂಬಾ ರಾಜಮನೆತನ ಇಂದಿಗೂ ಇದೆ. ನ್ಯಿಮ್ ಇಂದಿಗೂ ಎನ್‌ಶೆಂಗ್‌ನಲ್ಲಿ ಗೌರವ ಪಡೆಯುತ್ತಾನೆ. ಇತ್ತ ಗಾಜಿನ ಪೆಟ್ಟಿಗೆಯಲ್ಲಿ ಆಯುಧ ಎಂಬ ಚೀಟಿ ಹೊತ್ತು ಮಲಗಿರುವ ಇಕುಲ್ ನೋಡುವವರಿಗೆ ಹೆಚ್ಚೇನನ್ನೂ ಹೇಳುವುದಿಲ್ಲ. ಅದರ ಪಕ್ಕದಲ್ಲಿ ಒಂದು ಶೋಂಗೋ ಎಸೆಗತ್ತಿ ಇಲ್ಲ, ನ್ಯಾಯಪೀಠದ ಗರಿಯ ಟೋಪಿಗಳಿಲ್ಲ, ಮೆಕ್ಕೆಜೋಳದ ಹೊಲವಿಲ್ಲ. ಅವೆಲ್ಲ ಇದ್ದಾಗ ಮಾತ್ರ ಅದು ಶಾಂತಿಯ ಕತ್ತಿ. ಇಲ್ಲದಾಗ ಕುಸುರಿಯ ಒಂದು ಚೂರಿ. ಯಾವ ನಾಡಿನಲ್ಲಾಗಲಿ ಜನರನ್ನು ಆಯುಧ ಕೆಳಗಿಡಿ ಎಂದು ಕೇಳುವ ಅಧಿಕಾರ, ಪ್ರತಿಯಾಗಿ ಅವರ ಕೈಗೆ ಏನನ್ನು ಕೊಡುತ್ತಿದೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಮರದ ಅಲಗಿನ ಆ ಗಿಡ್ಡ ಕತ್ತಿ ಕಾಸಾಯ್ ತೀರದಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ಆ ಉತ್ತರವಾಗಿತ್ತು.